ಹುಂಜವಿಲ್ಲದ ಹಿತ್ತಿಲು



ತನ್ನ ಕೋಳಿ ಕೂಗಿದರಲ್ಲದೆ ಊರಿಗೆ ಬೆಳಗಾಗದೆಂದು ನಂಬಿದ್ದ ಮುದುಕಿಯ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದವರೇ. ಊರವರ ಮೇಲೆ ಮುನಿದು ಆಕೆ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಕಾಡಿಗೆ ಹೊರಟುಹೋದಳು. ಮರುದಿನವೂ ಎಂದಿನಂತೆಯೇ ಬೆಳಗಾಯಿತು. ಕೇಳಿದ ನಾವು ನಕ್ಕೆವು. ಆದರೆ ಹಿತ್ತಿಲಲ್ಲಿ ಹತ್ತಾರು ಕೋಳಿಗಳನ್ನು ಸಾಕಿ ನೋಡಿದ ಮೇಲೆ ನನಗೆ ಆ ಮುದುಕಿಯ ವಿಷಯದಲ್ಲಿ ತುಸು ಮರುಕವುಂಟಾಗಿದೆ. ಊರಿನ ಬೆಳಗು ಹುಂಜವನ್ನು ಕಾಯುವುದಿಲ್ಲವೆಂಬುದು ದಿಟ. ಕೋಳಿಗೂಡಿನ ನಾಳೆಯಾದರೋ ಹುಂಜವನ್ನೇ ನೆಚ್ಚಿಕೊಂಡಿರುತ್ತದೆ. ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆಯಿಡುವುದು. ಆದರೆ ಆ ಮೊಟ್ಟೆಯಿಂದ ಮರಿಯಾಗದು. ಮರಿ ಮಾಡಿಸಿ ತಳಿಯನ್ನು ಉಳಿಸಿಕೊಂಡು ಬರುವವರ ಮನೆಯಲ್ಲಿ ಹುಂಜ ಸತ್ತರೆ ಅಥವಾ ಗಾಯಗೊಂಡರೆ ಮಾಡತಕ್ಕದ್ದೇನು ಎಂಬುದೇ ಈ ದಿನದ ನನ್ನ ಮಾತಿನ ವಿಷಯ.

ವೃತ್ತಿಯಿಂದ ನಾನು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕ, ಪಶುವೈದ್ಯನಲ್ಲ. ನಮ್ಮ ಮನೆತನದಲ್ಲಿ ಕೋಳಿ ಸಾಕಿದವರೂ ಇಲ್ಲ. ಮೈಸೂರಿನಲ್ಲಿ ನಾನಿರುವ ಮನೆಗೆ ಸ್ವಲ್ಪ ಹಿತ್ತಿಲಿದೆ. ನಂಜನಗೂಡಿನ ಕಡೆಯ ಹಳ್ಳಿಯೊಂದರಿಂದ ನಮ್ಮ ಬೀದಿಗೆ ಸೊಪ್ಪು ಮಾರಲು ಬರುವ ಅಜ್ಜಿಯೊಬ್ಬಳು, ಮಕ್ಕಳ ಆಸೆಗೆಂದು, ಒಂದು ದಿನ ಮಂಕರಿಯಲ್ಲಿ ಒಂದು ಹುಂಜವನ್ನೂ ಮೂರು ಹೇಂಟೆಗಳನ್ನೂ ತಂದುಕೊಟ್ಟಳು. ಅವು ಆಕೆಯ ತಾಯಿಯ ಕಾಲದಿಂದ ಆ ಮನೆಯಲ್ಲಿ ಬೆಳೆದು ಬಂದ ನಾಟಿ ತಳಿಯವು. ಹುಂಜ ಕೆಂಡದ ಬಣ್ಣದ್ದು, ಕಾಲು ಎತ್ತರ, ಬಾಲದಲ್ಲಿ ಹಸುರು ಮಿಂಚುವ ಕಪ್ಪು ಗರಿ. ಎರಡು ವರ್ಷಗಳಲ್ಲಿ ಹೇಂಟೆಗಳು ಮೂರಿದ್ದುದು ಒಂಬತ್ತಾದುವು. ಹುಂಜ ಮಾತ್ರ ಒಂದೇ. ನನ್ನ ಮೊದಲನೆಯ ತಪ್ಪು ಅದೇ.

ನಾಟಿ ಕೋಳಿಯೇ ಏಕೆ ಎಂದು ಕೆಲವರು ಕೇಳಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ ೧೯೮೦ರ ದಶಕದ ಕೊನೆಯಲ್ಲಿ ರೂಪುಗೊಂಡ ಗಿರಿರಾಜದಂಥ ಸುಧಾರಿತ ಕೋಳಿಗಳು ಹೆಚ್ಚು ತೂಗುತ್ತವೆ, ಹೆಚ್ಚು ಮೊಟ್ಟೆಯನ್ನೂ ಇಡುತ್ತವೆ. ಆದರೆ ಅವುಗಳ ಮರಿಗಳನ್ನು ಹೊರಗಿನಿಂದಲೇ ಮತ್ತೆ ಮತ್ತೆ ತರಬೇಕು. ನಾಟಿ ಹೇಂಟೆ ವರ್ಷಕ್ಕೆ ಅರುವತ್ತರ ಆಸುಪಾಸು ಮೊಟ್ಟೆಯಿಟ್ಟರೂ, ತಾನೇ ಕಾವಿಗೆ ಕುಳಿತು, ತಾನೇ ಮರಿಗಳನ್ನು ಕೆದರಿಸಿ ಮೇಯಿಸಿ ದೊಡ್ಡವು ಮಾಡುತ್ತದೆ. ಸೊಪ್ಪಿನ ಅಜ್ಜಿಯಂಥವರಿಗೆ ಅದು ಕೈಗಂಟು. ಮೊಮ್ಮಗಳ ಶಾಲೆಯ ಪುಸ್ತಕ, ಹಬ್ಬದ ಸೀರೆ, ಅವಸರದ ಬಸ್ಸಿನ ಖರ್ಚು, ಎಲ್ಲವೂ ಆ ಗೂಡಿನಿಂದಲೇ ಹೊರಡಬೇಕು. ಅಲ್ಲಿ ತಳಿ ಕಡಿದುಹೋದರೆ ನಷ್ಟವಾಗುವುದು ಒಂದು ಪಕ್ಷಿಯಲ್ಲ.

ಒಂದು ಮಧ್ಯಾಹ್ನ ನಾನು ಕಾಲೇಜಿನಲ್ಲಿದ್ದಾಗ ಬೇಲಿಯ ಸಂದಿನಿಂದ ಬೀದಿ ನಾಯಿಯೊಂದು ಹಿತ್ತಿಲಿಗೆ ನುಗ್ಗಿತು. ಹೇಂಟೆಗಳು ಸೀಬೆಯ ಮರಕ್ಕೆ ಹಾರಿದುವು. ಹುಂಜ ಹಾರಲಿಲ್ಲ, ನಾಯಿಗೆ ಎದುರಾಗಿ ನಿಂತಿತು. ಅಪಾಯವನ್ನು ಮೊದಲು ಕಂಡು ಕೂಗುವುದೂ, ಹೇಂಟೆಗಳು ಓಡುವವರೆಗೆ ನಡುವೆ ನಿಲ್ಲುವುದೂ ಹುಂಜದ ಸ್ವಭಾವ. ಆದುದರಿಂದಲೇ ನಾಯಿ, ಮುಂಗುಸಿ, ಕಾಡುಬೆಕ್ಕುಗಳಿಗೆ ಮೊದಲು ಸಿಗುವುದು ಒಳ್ಳೆಯ ಹುಂಜ. ಅಳ್ಳೆದೆಯ ಹುಂಜ ಉಳಿದುಕೊಳ್ಳುತ್ತದೆ. ಸಂಜೆ ನಾನು ಮನೆಗೆ ಬಂದಾಗ ಮಕ್ಕಳು ಅಳುತ್ತಿದ್ದರು. ಇನ್ನು ಈ ಗೊಡವೆಯೇ ಬೇಡ, ಹೇಂಟೆಗಳನ್ನೂ ಮಾರಿಬಿಡೋಣವೆಂದು ನಿಶ್ಚಯಿಸಿದೆನು.

ಮರುದಿನ ಬೆಳಿಗ್ಗೆ ಅಜ್ಜಿ ಬಂದಳು. ನನ್ನ ಮಾತನ್ನೆಲ್ಲ ಕೇಳಿ, ಸೊಪ್ಪಿನ ಬುಟ್ಟಿಯನ್ನು ಇಳಿಸಿ, “ಹುಂಜ ಹೋದ್ರೇನು ಮೇಷ್ಟ್ರೆ, ಹೇಂಟೆ ಹೊಟ್ಟೇಲಿ ಇನ್ನೂ ಅವನ ಮರಿ ಅವೆ. ಹತ್ತು ಹದಿನೈದು ದಿನದ ಮೊಟ್ಟೆ ತಿನ್ನಬೇಡಿ, ಕಾವಿಗೆ ಮಡಗಿ” ಎಂದಳು.

ಇದು ಹಳ್ಳಿಯವರ ನಂಬಿಕೆಯಿರಬೇಕೆಂದು ನಾನು ಮೊದಲು ಎಣಿಸಿದೆನು. ಪುಸ್ತಕಗಳನ್ನು ತೆರೆದು ನೋಡಿದಾಗ ನಾಚಿಕೆಯಾಯಿತು. ಹೇಂಟೆಯ ಅಂಡನಾಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ಹುಂಜದ ಬೀಜಾಣುಗಳು ಅಲ್ಲಿ ತಂಗಿದ್ದು, ದಿನದಿನದ ಮೊಟ್ಟೆಗೆ ಬೇಕಾದಷ್ಟು ಮೇಲೇರುತ್ತವೆ. ಹುಂಜವು ಹೋದ ಮೇಲೆ ಮೊದಲ ವಾರ ಹತ್ತು ದಿನದ ಮೊಟ್ಟೆಗಳಲ್ಲಿ ಬಹುಪಾಲು ಜೀವವುಳ್ಳವು. ಎರಡನೆಯ ವಾರದಲ್ಲಿ ಅದು ಇಳಿಯುತ್ತ ಬರುತ್ತದೆ. ಮೂರನೆಯ ವಾರ ಮುಗಿಯುವ ವೇಳೆಗೆ ಹೆಚ್ಚು ಕಡಮೆ ನಿಂತುಹೋಗುತ್ತದೆ. ಎಂದರೆ, ಹುಂಜ ಸತ್ತ ದಿನವೇ ತಳಿ ಸತ್ತಂತಲ್ಲ. ನಮಗೆ ಎರಡು ವಾರದ ಗಡುವು ದೊರೆತಿರುತ್ತದೆ. ದುಃಖದಲ್ಲಿಯೋ ಬೇಸರದಲ್ಲಿಯೋ ಆ ಗಡುವನ್ನು ಕಳೆದುಕೊಳ್ಳುವುದೇ ನಿಜವಾದ ನಷ್ಟ.

ಆ ದಿನಗಳಲ್ಲಿ ಮಾಡತಕ್ಕ ಕೆಲಸ ಇಷ್ಟು. ಮೊಟ್ಟೆಗಳನ್ನು ದಿನಕ್ಕೆರಡು ಬಾರಿ ಆಯ್ದು, ಸೀಸದ ಕಡ್ಡಿಯಿಂದ ತಾರೀಖನ್ನು ಬರೆಯಬೇಕು. ಒಡಕು, ಅತಿ ಸಣ್ಣದು, ಆಕಾರಗೆಟ್ಟುದು ಬೇಡ. ಕೊಳೆ ಹತ್ತಿದುದನ್ನು ತೊಳೆಯಬಾರದು. ಚೂಪು ತುದಿ ಕೆಳಗಾಗುವಂತೆ ತಂಪಾದ ಸ್ಥಳದಲ್ಲಿರಿಸಿ, ದಿನಕ್ಕೊಮ್ಮೆ ಹೊರಳಿಸಬೇಕು. ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಮಡಕೆ ನಮ್ಮ ಹವೆಗೆ ಬಹಳ ಅನುಕೂಲ. ವಾರದೊಳಗೆ, ಹೆಚ್ಚೆಂದರೆ ಹತ್ತು ದಿನದೊಳಗೆ, ಕಾವಿಗಿಡಬೇಕು. ಒಂದು ನಾಟಿ ಹೇಂಟೆಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಬೇಡ. ಏಳನೆಯ ರಾತ್ರಿ ಕತ್ತಲೆಯ ಕೋಣೆಯಲ್ಲಿ ದೀಪಕ್ಕೆ ಹಿಡಿದು ನೋಡಿದರೆ, ಜೀವಗೂಡಿದ ಮೊಟ್ಟೆಯಲ್ಲಿ ಜೇಡನ ಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಬರಿದಾದುದು ಸ್ವಚ್ಛವಾಗಿ ಹೊಳೆಯುತ್ತದೆ. ೨೧ನೆಯ ದಿನ ಮರಿಯೊಡೆಯುವುದು.

ನಮ್ಮ ಮನೆಯಲ್ಲಿ ಆಗ ಕಾವಿಗೆ ಬಂದಿದ್ದ ಹೇಂಟೆ ಒಂದೇ. ಇನ್ನೊಂದನ್ನು ಅಜ್ಜಿ ತಂದು ಕೂರಿಸಿದಳು. ಇಟ್ಟ ಮೊಟ್ಟೆಗಳು ೨೨, ನಾಲ್ಕು ಬರಿದಾದುವು, ಹದಿನೈದು ಒಡೆದುವು. ಹದ್ದಿಗೂ ಮಳೆಗೂ ಸಂದುಹೋಗಿ ಉಳಿದುವು ಹನ್ನೊಂದು. ಅವುಗಳಲ್ಲಿ ಐದು ಹುಂಜಗಳು; ಒಂದು ತಂದೆಯದೇ ಕೆಂಡದ ಬಣ್ಣ.

ಆದರೆ ಮರಿಹುಂಜ ಪ್ರಾಯಕ್ಕೆ ಬರಲು ಐದಾರು ತಿಂಗಳಾದರೂ ಬೇಕಷ್ಟೆ. ಅಲ್ಲಿಯವರೆಗೆ ಹೇಂಟೆಗಳು ಬರಿದೆ ಇರಬಾರದೆಂದು ನಾನು ಸಂತೆಯಿಂದ ದೊಡ್ಡದೊಂದು ಬಿಳಿಯ ಹುಂಜವನ್ನು ಕೊಂಡುತಂದು, ಆ ಸಂಜೆಯೇ ಗೂಡಿಗೆ ಬಿಟ್ಟೆನು. ಇದು ಎರಡನೆಯ ತಪ್ಪು. ಮೂರು ದಿನಗಳಲ್ಲಿ ಅದು ಸೀನತೊಡಗಿತು, ವಾರದಲ್ಲಿ ನಾಲ್ಕು ಹೇಂಟೆಗಳ ಮುಖ ಊದಿ ಮೂಗು ಸುರಿಯತೊಡಗಿತು, ಒಂದು ಸತ್ತಿತು. ಹೊರಗಿನಿಂದ ಬಂದ ಕೋಳಿ ಎಷ್ಟೇ ಲಕ್ಷಣವಾಗಿರಲಿ, ಅದನ್ನು ಮೂರು ನಾಲ್ಕು ವಾರ ದೂರದಲ್ಲಿ ಬೇರೆಯಿರಿಸಿ, ಬೇರೆಯ ಪಾತ್ರೆಯಲ್ಲಿ ನೀರು ಕಾಳು ಕೊಟ್ಟು, ನಮ್ಮ ಕೋಳಿಗಳ ಕೆಲಸವನ್ನು ಮುಗಿಸಿದ ಮೇಲೆ ಕೊನೆಗೆ ಅದರ ಕೆಲಸವನ್ನು ಮಾಡತಕ್ಕದ್ದು. ಹೇನು, ನುಸಿಗಳಿವೆಯೇ ಎಂದು ರೆಕ್ಕೆಯ ಅಡಿಯನ್ನೂ ಬಾಲದ ಬುಡವನ್ನೂ ನೋಡಬೇಕು. ಆಮೇಲೆ ವಾರಕಾಲ ಬಲೆಯಾಚೆಯಿಂದ ಪರಸ್ಪರ ಕಾಣುವಂತಿರಿಸಿ, ಅನಂತರ ಸೇರಿಸಬೇಕು. ಇನ್ನೊಂದು ಮಾತು: ಹೊಸ ಹುಂಜದ ಮರಿಗಳೇ ಬೇಕೆನ್ನುವವರು ಹಳೆಯದನ್ನು ತೆಗೆದ ಮೇಲೆ ಮೂರು ವಾರ ತಡೆದು ಮೊಟ್ಟೆಗಳನ್ನು ಆಯ್ದುಕೊಳ್ಳಬೇಕು. ಕಾರಣವನ್ನು ಆಗಲೇ ಹೇಳಿದ್ದೇನೆ.

ಕೋಳಿಗಳ ಗುಂಪಿನಲ್ಲಿ ಯಾರು ಯಾರಿಗೆ ಕುಕ್ಕಬಹುದೆಂಬ ಕಟ್ಟುನಿಟ್ಟಾದ ಶ್ರೇಣಿಯಿದೆ. ನಾರ್ವೆ ದೇಶದ ಷೆಲ್ಡರುಪ್-ಎಬ್ಬೆ ಎಂಬ ವಿದ್ವಾಂಸನು ೧೯೨೦ರ ದಶಕದ ಆದಿಯಲ್ಲಿ ಇದನ್ನು ವಿವರಿಸಿ ಬರೆದನು. ಶ್ರೇಣಿ ನೆಲೆಗೊಂಡಿರುವವರೆಗೆ ಶಾಂತಿ. ಹೊಸಬನು ಬಂದರೆ, ಅಥವಾ ಕಿರಿಯನು ಬೆಳೆದರೆ, ಯುದ್ಧ. ನಮ್ಮ ಕೆಂಡದ ಬಣ್ಣದ ಮರಿಗೆ ಏಳು ತಿಂಗಳು ತುಂಬಿದ ಮೇಲೆ ಒಂದು ಮುಂಜಾನೆ ಬಿಳಿಯ ಹುಂಜಕ್ಕೂ ಅದಕ್ಕೂ ಕಾಳಗವಾಯಿತು. ನಾನು ಎದ್ದು ಬರುವಷ್ಟರಲ್ಲಿ ಮರಿಹುಂಜದ ಜುಟ್ಟು ಹರಿದಿತ್ತು. ಒಂದು ಕಣ್ಣು ಮುಚ್ಚಿತ್ತು. ಎದೆಯ ಪಕ್ಕದಲ್ಲಿ ಕಾಲ್ಮುಳ್ಳಿನ ಇರಿತವಿತ್ತು.

ನಾನು ತರಗತಿಯಲ್ಲಿ ಪಾಠ ಹೇಳುವ ಕಾವ್ಯಗಳಲ್ಲಿ ಚಾಸರ್ ಕವಿಯದೂ ಒಂದು. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಆತನು ಹೇಳಿದ ಕ್ಯಾಂಟರ್‌ಬರಿ ಕಥೆಗಳಲ್ಲಿ ಬಡ ವಿಧವೆಯೊಬ್ಬಳ ಅಂಗಳದ ಹುಂಜದ ಕಥೆ ಬರುತ್ತದೆ. ಆ ಹುಂಜಕ್ಕೆ ಹೇಂಟೆಗಳು ಏಳು. ನರಿ ಅದರ ಕೊರಳನ್ನು ಹಿಡಿದು ಓಡುತ್ತದೆ. ವಿಧವೆ, ಆಕೆಯ ಹೆಣ್ಣುಮಕ್ಕಳು, ನಾಯಿಗಳು ಎಲ್ಲರೂ ಬೊಬ್ಬಿಡುತ್ತ ಹಿಂದೆ ಓಡುತ್ತಾರೆ. ಹುಂಜವು ಉಪಾಯದಿಂದ ನರಿ ಬಾಯಿ ತೆರೆಯುವಂತೆ ಮಾಡಿ ಮರಕ್ಕೆ ಹಾರಿ ಪಾರಾಗುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಕೋಳಿ ಸಾಕುವವನ ಕೆಲಸ ಮೊದಲಾಗುವುದು ಅಲ್ಲಿಂದ. ನರಿಯ ಹಲ್ಲು ನಾಟಿದ ಕೊರಳಿನಲ್ಲಿ ಗರಿಯ ಕೆಳಗೆ ತೂತು ಉಳಿದಿರುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಎರಡು ದಿನಗಳಲ್ಲಿ ಕೀವಾಗುತ್ತದೆ. ಕಚ್ಚಿದ ಗಾಯದಲ್ಲಿ ಕಣ್ಣಿಗೆ ಕಾಣುವ ರಕ್ತಕ್ಕಿಂತ ಕಾಣದ ವಿಷವೇ ಹೆಚ್ಚು ಅಪಾಯಕರ.

ಗಾಯಗೊಂಡ ಹುಂಜವನ್ನು ಮೊದಲು ಗುಂಪಿನಿಂದ ಬೇರ್ಪಡಿಸಬೇಕು. ರಕ್ತದ ಕೆಂಪನ್ನು ಕಂಡರೆ ಉಳಿದ ಕೋಳಿಗಳು, ಅದರ ಹೇಂಟೆಗಳೂ ಕೂಡ, ಕುಕ್ಕಿ ಕುಕ್ಕಿ ಕೊಲ್ಲುವುದುಂಟು. ಮಂಕರಿಯ ಕೆಳಗೋ ಪೆಟ್ಟಿಗೆಯಲ್ಲಿಯೋ ಮಬ್ಬು ಬೆಳಕಿನಲ್ಲಿ ಇರಿಸಿದರೆ ಅದರ ಗಾಬರಿ ಇಳಿಯುತ್ತದೆ. ಜುಟ್ಟಿನ ರಕ್ತ ಬಹಳವೆಂದು ಕಂಡರೂ, ಚೊಕ್ಕ ಬಟ್ಟೆಯಿಂದ ಕೆಲವು ನಿಮಿಷ ಅದುಮಿ ಹಿಡಿದರೆ ನಿಲ್ಲುತ್ತದೆ. ಮೈಮೇಲಿನ ಗಾಯವಾದರೆ ಸುತ್ತಲಿನ ಗರಿಗಳನ್ನು ಕತ್ತರಿಸಿ, ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಸುಮಾರು ೯ ಗ್ರಾಂ, ಎಂದರೆ ಟೀ ಚಮಚದಲ್ಲಿ ಒಂದೂವರೆಯಷ್ಟು ಉಪ್ಪು ಬೆರಸಿ, ಧಾರಾಳವಾಗಿ ತೊಳೆಯಬೇಕು. ಆಮೇಲೆ ಔಷಧದ ಅಂಗಡಿಯಲ್ಲಿ ದೊರೆಯುವ ಪೊವಿಡೋನ್ ಅಯೊಡಿನ್ ದ್ರಾವಣವನ್ನು ಹಚ್ಚಬಹುದು. ಸೀಮೆಎಣ್ಣೆ, ಸುಣ್ಣ, ಕಾರದ ಪುಡಿಗಳನ್ನು ತುಂಬುವ ರೂಢಿಯನ್ನು ದಯವಿಟ್ಟು ಬಿಡಿರಿ. ಅವು ಜೀವವಿರುವ ಮಾಂಸವನ್ನೂ ಸುಡುತ್ತವೆ. ನೊಣ ಕೂತರೆ ಹುಳುವಾಗುವುದರಿಂದ ಗಾಯವನ್ನು ದಿನಕ್ಕೆರಡು ಬಾರಿ ನೋಡಬೇಕು.

ನಾಯಿ ಬೆಕ್ಕುಗಳ ಕಡಿತ, ಆಳವಾದ ಇರಿತ, ಕಣ್ಣಿನ ಪೆಟ್ಟು, ಮುರಿದ ಕಾಲು, ಇವು ಪಶುವೈದ್ಯರ ಕೆಲಸ. ಅವರು ಔಷಧ ಕೊಟ್ಟರೆ ಎಷ್ಟು ದಿನ ಮಾಂಸ ಮೊಟ್ಟೆಗಳನ್ನು ತಿನ್ನಬಾರದೆಂದು ಕೇಳಿಕೊಳ್ಳಬೇಕು. ವಾಸಿಯಾಗದ ನೋವಿನಲ್ಲಿ ಜೀವ ನರಳುತ್ತಿದ್ದರೆ, ಅದನ್ನು ದಿನಗಟ್ಟಲೆ ಎಳೆಯದೆ, ನೋವಿಲ್ಲದೆ ಮುಗಿಸುವಂತೆ ಅವರನ್ನು ಬೇಡುವುದೂ ಸಾಕಿದವನ ಧರ್ಮವೇ.

ಸಣ್ಣ ಗಾಯಗಳನ್ನು ತಡೆಯುವುದು ನಮ್ಮ ಕೈಯಲ್ಲಿದೆ. ವಯಸ್ಸಾದ ಹುಂಜದ ಕಾಲ್ಮುಳ್ಳು ಬೆಳೆದು ಹೇಂಟೆಗಳ ಬೆನ್ನನ್ನು ಸೀಳುತ್ತದೆ. ತುದಿಯನ್ನಷ್ಟೆ ಅರದಿಂದ ಮೊಂಡು ಮಾಡಬೇಕು, ಬುಡದಲ್ಲಿ ರಕ್ತವೂ ನೋವೂ ಉಂಟು. ಎತ್ತರದ ಅಡ್ಡೆಯಿಂದ ಕಲ್ಲುನೆಲಕ್ಕೆ ಧುಮುಕುವ ಭಾರದ ಹುಂಜಕ್ಕೆ ಅಂಗಾಲು ಗಾಯವಾಗಿ ಗಂಟುಗಟ್ಟುತ್ತದೆ. ಅಡ್ಡೆಯನ್ನು ತಗ್ಗಿಸಿ, ಕೆಳಗೆ ಒಣಹುಲ್ಲು ಹರಡಬೇಕು. ಒಳ್ಳೆಯ ಹುಂಜವು ಕಾಳನ್ನು ಕಂಡರೆ ಹೇಂಟೆಗಳನ್ನು ಕರೆದು ಉಣ್ಣಿಸಿ ತಾನು ಸೊರಗುವುದುಂಟು. ರಾತ್ರಿ ಎದೆಯೆಲುಬನ್ನು ಮುಟ್ಟಿ ನೋಡಿ, ಅದು ಕತ್ತಿಯಂತೆ ಹರಿತವಾಗಿದ್ದರೆ ಬೇರೆಯಾಗಿ ತಿನ್ನಿಸಬೇಕು. ಗೂಡಿಗೆ ಅರ್ಧ ಅಂಗುಲದ ಕಣ್ಣಿನ ಬಲೆ ಇರಲಿ; ಮುಂಗುಸಿ ತೋಡಿ ಬರದಂತೆ ಅದನ್ನು ಒಂದಡಿ ನೆಲದೊಳಕ್ಕೂ ಇಳಿಸಿರಿ; ಬಾಗಿಲಿನ ಚಿಲಕ ಸಂಜೆಗತ್ತಲಿಗೆ ಮುಂಚೆ ಬೀಳಲಿ.

ನಮ್ಮ ಮರಿಹುಂಜವನ್ನು ಪಶುವೈದ್ಯರು ನೋಡಿ ಔಷಧ ಕೊಟ್ಟರು. ಮೂರು ವಾರಗಳಲ್ಲಿ ಅದು ಚೇತರಿಸಿಕೊಂಡಿತು, ಕಣ್ಣೂ ಉಳಿಯಿತು. ಒಂಟಿಯಾಗಿದ್ದು ಕುಗ್ಗದಿರಲೆಂದು ಜೊತೆಗೆ ಸಾಧುವಾದ ಒಂದು ಹೇಂಟೆಯನ್ನು ಬಿಟ್ಟಿದ್ದೆನು. ಬಿಳಿಯ ಹುಂಜವನ್ನು ಮಾರಿದ ಮೇಲೆಯೇ ಇದನ್ನು ಹಿತ್ತಿಲಿಗೆ ಬಿಟ್ಟುದು. ಕೂಗತೊಡಗಿದ ಮಾತ್ರಕ್ಕೆ ಹುಂಜ ಪೂರ್ತಿ ಗುಣವಾಯಿತೆಂದು ತಿಳಿಯಬಾರದು. ಗಾಯ, ಜ್ವರ, ಬೇಸಗೆಯ ಬಿಸಿಲುಗಳ ಅನಂತರ ಕೆಲವು ವಾರ ಅದರ ಬೀಜಶಕ್ತಿ ಕುಂದಿರುತ್ತದೆ. ಏಳನೆಯ ರಾತ್ರಿಯ ದೀಪವೇ ಅದಕ್ಕೆ ಸಾಕ್ಷಿ.

ಇನ್ನು ನಾನು ಕಲಿತ ಮುಖ್ಯವಾದ ಪಾಠ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕೆಂಬುದು ಸರಿಯಾದ ಲೆಕ್ಕ. ಆದರೆ ಸಾಲುವುದೇ ಬೇರೆ, ನೆಚ್ಚುವುದೇ ಬೇರೆ. ಎರಡನೆಯ ಹುಂಜವನ್ನು ಅದೇ ಗೂಡಿನಲ್ಲಿರಿಸಿದರೆ ಜಗಳ, ಹೇಂಟೆಗಳ ಬೆನ್ನಿಗೂ ಗಾಯ; ಬೇರೆಯ ಗೂಡಿನಲ್ಲಿರಿಸಿದರೆ ಖರ್ಚು. ಇದಕ್ಕೆ ಪರಿಹಾರವನ್ನು ಹೇಳಿದವಳೂ ಅಜ್ಜಿಯೇ. “ನಿಮ್ದೊಂದು ನನ್ನ ಹಟ್ಟೀಲಿರಲಿ, ನನ್ನದೊಂದು ನಿಮ್ಮ ಹಿತ್ತಲಲ್ಲಿರಲಿ” ಎಂದಳು. ಅದರಂತೆ ಕೆಂಡದ ಹುಂಜದ ತಮ್ಮನೊಂದು ಅವಳ ಹಳ್ಳಿಗೆ ಹೋಯಿತು. ಅಲ್ಲಿಯದೊಂದು ಎಳೆಯ ಹುಂಜ ಇಲ್ಲಿಗೆ ಬಂದು, ನಾಲ್ಕು ವಾರ ದೂರವಿದ್ದು, ಮುಂದಿನ ಸರದಿಗೆ ಸಿದ್ಧವಾಯಿತು. ತಾಯಿ ಮಕ್ಕಳು, ಅಣ್ಣ ತಂಗಿಯರಲ್ಲಿಯೇ ತಲೆತಲಾಂತರ ಸಂತತಿ ಬೆಳೆದು ತಳಿ ಬಡವಾಗುವುದೂ ಇದರಿಂದ ತಪ್ಪಿತು.

ಮರುವರ್ಷ ಬೇಸಗೆಯಲ್ಲಿ ಅಜ್ಜಿಯ ಹಳ್ಳಿಗೆ ಕೊಕ್ಕರೆ ರೋಗ ಬಂದಿತು. ಇದನ್ನೇ ರಾಣಿಖೇತ್ ರೋಗವೆನ್ನುವರು. ೧೯೨೬ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಎಂಬಲ್ಲಿ ಕಾಣಿಸಿಕೊಂಡು, ಅದೇ ಕಾಲದ ಸುಮಾರಿಗೆ ನಮ್ಮ ದೇಶದ ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ ಗುರುತಿಗೆ ಬಂದುದರಿಂದ ಈ ಹೆಸರು. ಹಸುರು ಭೇದಿ, ಬಾಯಿ ತೆರೆದು ಉಸಿರಾಟ, ತಿರುಚಿದ ಕತ್ತು. ಅಂಟಿದ ಮೇಲೆ ಔಷಧವಿಲ್ಲ. ಲಸಿಕೆಯೊಂದೇ ಗತಿ: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು, ಮುಂದೆ ಪಶುವೈದ್ಯರು ಹೇಳಿದಂತೆ. ನಮ್ಮ ಕೋಳಿಗಳಿಗೆ ಅದು ಆಗಿತ್ತು. ಅಜ್ಜಿಯ ಮನೆಯಲ್ಲಿ ಆಗಿರಲಿಲ್ಲ. ಹಾಕಿಸಿಕೊಳ್ಳೆಂದು ನಾನೂ ಹೇಳಿರಲಿಲ್ಲ. ಪುಸ್ತಕ ಓದಿದವನು ನಾನು. ಆ ಒಂದು ಮಾತು ಆಕೆಗೆ ನನ್ನಿಂದ ಸಲ್ಲಬೇಕಾದ ಸಾಲವಾಗಿತ್ತು.

ಐದು ದಿನಗಳಲ್ಲಿ ಅವಳ ಗೂಡು ಬರಿದಾಯಿತು. ಆ ವಾರಗಳಲ್ಲಿ ಆಕೆ ಸೊಪ್ಪು ತಂದರೂ ನಮ್ಮ ಗೇಟಿನ ಒಳಗೆ ಕಾಲಿಡಲಿಲ್ಲ. ಬೀದಿಯಲ್ಲೇ ನಿಂತು, “ಬರಾಕಿಲ್ಲ ಮೇಷ್ಟ್ರೆ, ನನ್ನ ಕಾಲಲ್ಲಿ ಕಾಯಿಲೆ ಬಂದ್ರೆ ನಿಮ್ಮವೂ ಹೋಗ್ತವೆ” ಎಂದಳು. ಈ ರೋಗವು ಮನುಷ್ಯರ ಕಾಲು, ಬಟ್ಟೆ, ಬುಟ್ಟಿಗಳಲ್ಲಿ ಮನೆಯಿಂದ ಮನೆಗೆ ಹೋಗುವುದು ನಿಜ. ಎಲ್ಲವನ್ನೂ ಕಳೆದುಕೊಂಡವಳು ನನ್ನ ಹತ್ತು ಕೋಳಿಗಳನ್ನು ಕಾಯುತ್ತಿದ್ದಳು. ಸತ್ತ ಕೋಳಿಗಳನ್ನು ಆಳವಾಗಿ ಹೂತು, ಸುಣ್ಣ ಹಾಕಿ, ಗೂಡನ್ನು ತೊಳೆದು ಸುಣ್ಣ ಬಳಿದು, ಎರಡು ತಿಂಗಳು ಬರಿದಾಗಿ ಬಿಟ್ಟಳು. ಒಮ್ಮೆಲೇ ಹಲವು ಕೋಳಿಗಳು ಸತ್ತರೆ, ಹಕ್ಕಿಜ್ವರವೂ ಇರಬಹುದಾದುದರಿಂದ, ಬರಿಗೈಯಿಂದ ಮುಟ್ಟದೆ ಪಶು ಆಸ್ಪತ್ರೆಗೆ ಮೊದಲು ತಿಳಿಸಬೇಕೆಂಬುದನ್ನು ಇಲ್ಲಿ ಸೇರಿಸುತ್ತೇನೆ.

ಆ ಮೇಲೆ ನಾನು ನನ್ನ ಕೆಂಡದ ಹುಂಜವನ್ನೂ ನಾಲ್ಕು ಹೇಂಟೆಗಳನ್ನೂ, ಲಸಿಕೆಯ ವಿವರ ಬರೆದ ಚೀಟಿಯನ್ನೂ, ಅದೇ ಮಂಕರಿಯಲ್ಲಿರಿಸಿ ಆಕೆಯ ಹಳ್ಳಿಗೆ ಕೊಂಡುಹೋದೆನು. ಆಕೆ ಹುಂಜವನ್ನೆತ್ತಿ, ಹರಿದು ಕೂಡಿದ ಜುಟ್ಟಿನ ಮೇಲೆ ಬೆರಳಾಡಿಸಿ, “ನಮ್ಮವ್ವನ ಮನೆ ಕೋಳಿ” ಎಂದಷ್ಟೆ ಹೇಳಿ ಒಳಗೆ ಹೋದಳು. ಮೊಮ್ಮಗಳು ಚೀಟಿಯನ್ನು ಓದಿ ಗೋಡೆಗೆ ಅಂಟಿಸಿದಳು.

ಹುಂಜ ಸಾಯುವುದನ್ನು ನಾವು ಯಾವಾಗಲೂ ತಪ್ಪಿಸಲಾರೆವು. ಸತ್ತ ದಿನದ ಮೊಟ್ಟೆಯ ಮೇಲೆ ತಾರೀಖು ಬರೆಯಬಲ್ಲೆವು. ನಮ್ಮ ತಳಿಯ ಇನ್ನೊಂದು ಹುಂಜ ಇನ್ನೊಬ್ಬರ ಹಿತ್ತಿಲಲ್ಲಿರುವಂತೆ ನೋಡಿಕೊಳ್ಳಬಲ್ಲೆವು. ನನ್ನ ಹಿತ್ತಿಲಲ್ಲಿ ಈಗ ಅಜ್ಜಿಯ ಮನೆಯಿಂದ ಬಂದ ಎಳೆಯ ಹುಂಜವು ಕೂಗುತ್ತಿದೆ. ಅದರ ಕಂಠ ಇನ್ನೂ ಸರಿಯಾಗಿ ಒಡೆದಿಲ್ಲ. ಆದರೂ ಅದರ ಕೂಗಿಗೇ ನಮ್ಮ ಮನೆಯಲ್ಲಿ ಬೆಳಗಾಗುತ್ತದೆಂದು ಮಕ್ಕಳು ವಾದಿಸುತ್ತಾರೆ. ನಾನು ಅವರೊಡನೆ ಜಗಳಕ್ಕೆ ಹೋಗಿಲ್ಲ.